ಅಡುಗೆಮನೆಯನ್ನು ಕಟ್ಟುವ ಕ್ರಮ: ಮನೆ ಬದಲಿಸುವವರಿಗೊಂದು ಮಾರ್ಗದರ್ಶಿ

ಮನೆ ಬದಲಿಸುವಾಗ ಬಟ್ಟೆಬರೆ, ಪುಸ್ತಕ, ಹಾಸಿಗೆಗಳನ್ನು ಒಂದೆರಡು ದಿನಗಳಲ್ಲಿ ಕಟ್ಟಿ ಮುಗಿಸಬಹುದು. ಅಡುಗೆಮನೆಯನ್ನು ಹಾಗೆ ಕಟ್ಟಲಾಗದು. ಒಡೆಯುವ ಗಾಜು, ಸೋರುವ ಎಣ್ಣೆ, ಹುಳು ಬೀಳುವ ಧಾನ್ಯ, ಕೈ ಕೊಯ್ಯುವ ಈಳಿಗೆಮಣೆ, ಇಬ್ಬರು ಸೇರಿ ಎತ್ತಬೇಕಾದ ರುಬ್ಬುವ ಕಲ್ಲು, ಸಾಮಾನಿನ ಲಾರಿಗೆ ಹಾಕಬಾರದ ಗ್ಯಾಸ್ ಸಿಲಿಂಡರು, ಇವೆಲ್ಲವೂ ಆ ಒಂದೇ ಕೋಣೆಯಲ್ಲಿರುತ್ತವೆ. ಅದೂ ಅಲ್ಲದೆ, ಹೊರಡುವ ದಿನದ ಬೆಳಗಿನ ಕಾಫಿಯವರೆಗೂ ಆ ಕೋಣೆ ಕೆಲಸ ಮಾಡುತ್ತಿರಬೇಕು ಮತ್ತು ಅದೇ ರಾತ್ರಿ ಇನ್ನೊಂದು ಊರಿನಲ್ಲೋ ಬಡಾವಣೆಯಲ್ಲೋ ಮತ್ತೆ ಒಲೆ ಹೊತ್ತಬೇಕು.

ಕೆಲವು ವರ್ಷಗಳ ಹಿಂದೆ ನಾವು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಾಗ, ಸುಮಾರು 400 ಕಿಲೋಮೀಟರು ಲಾರಿಯಲ್ಲಿ ಬಂದ ಪೆಟ್ಟಿಗೆಗಳಲ್ಲಿ ಕುಕ್ಕರೂ ಇತ್ತು, ಅದರ ಮುಚ್ಚಳವೂ ಇತ್ತು. ವೆಯ್ಟ್ ಮಾತ್ರ ಸಿಗಲಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆಯವರು, ಚಿಕ್ಕ ಮಗು. ಎರಡು ದಿನ ಅನ್ನವನ್ನು ತಪ್ಪಲೆಯಲ್ಲಿ ಬಸಿದು, ತೊಗರಿಬೇಳೆ ಬೇಯಲು ಗಂಟೆಗಟ್ಟಲೆ ಕಾದೆವು. ಅಂದಿನಿಂದ ನಾನು ಅನುಸರಿಸುವ ಕ್ರಮ ಒಂದೇ: ಹೊಸ ಮನೆಯಲ್ಲಿ ಮೊದಲ ಮೂರು ದಿನ ಏನು ಬೇಯಿಸುತ್ತೇವೆ ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಕಟ್ಟುವುದು. ಆ ಪಟ್ಟಿಯಲ್ಲಿ ಬಾರದ ಪಾತ್ರೆ ಎಷ್ಟೇ ಪ್ರಿಯವಾದುದಾದರೂ ಮೊದಲು ಪೆಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿರುವುದು ಒಂದು ಸಣ್ಣ ಚಮಚವೇ ಆದರೂ ಕೊನೆಯವರೆಗೆ ಹೊರಗೆ ಉಳಿಯುತ್ತದೆ.

ಮೂರು ವಾರ ಮೊದಲು: ದಿನಸಿ ಮತ್ತು ಸಿಲಿಂಡರು

ಮನೆ ಬದಲಿಸುವ ದಿನ ಗೊತ್ತಾದ ಕೂಡಲೇ ತಿಂಗಳ ಸಾಮಾನು ತರುವುದನ್ನು ನಿಲ್ಲಿಸಿ, ಇರುವುದನ್ನು ಖರ್ಚು ಮಾಡಲು ಆರಂಭಿಸಬೇಕು. ಅರ್ಧ ಉಳಿದಿರುವ ರವೆ, ಶಾವಿಗೆ, ಅವಲಕ್ಕಿ, ಕಡಲೆಹಿಟ್ಟು, ಯಾವಾಗಲೋ ತಂದಿಟ್ಟ ಹೆಸರುಕಾಳುಗಳನ್ನು ಒಂದು ಕಾಗದದ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟರೆ, ದಿನದ ತಿಂಡಿ ಅಡುಗೆಗಳನ್ನು ಆ ಪಟ್ಟಿಯೇ ನಿರ್ಧರಿಸುತ್ತದೆ. ಹಪ್ಪಳ ಸಂಡಿಗೆಗಳನ್ನು ಸಾಗಿಸಿ ಪುಡಿ ಮಾಡಿಕೊಳ್ಳುವುದಕ್ಕಿಂತ ಈ ವಾರಗಳಲ್ಲೇ ಕರಿದು ತಿನ್ನುವುದು ಲೇಸು.

ಉಳಿಯುವ ಧಾನ್ಯ ಮತ್ತು ಬೇಳೆಗಳನ್ನು ಹಾಗೆಯೇ ತುಂಬಿಕೊಂಡು ಹೋಗಬಾರದು. ಒಂದೊಂದನ್ನೂ ಮೊರಕ್ಕೆ ಸುರಿದು ನೋಡಬೇಕು. ಒಂದು ಡಬ್ಬಿಯ ಕಾಳಿನಲ್ಲಿರುವ ಹುಳು ಹೊಸ ಮನೆಯ ಎಲ್ಲ ಡಬ್ಬಿಗಳಿಗೂ ಹರಡಬಲ್ಲದು. ಹುಳುವಿನ ಗುರುತು ಕಂಡ ಕಾಳುಗಳನ್ನು ಬಿಸಿಲಿಗೆ ಹರಡಿ ಆರಿಸಿ, ರವೆಯನ್ನು ಸಣ್ಣ ಉರಿಯಲ್ಲಿ ಹುರಿದು ಆರಿದ ಮೇಲೆ ತುಂಬಬೇಕು. ರಾಗಿಹಿಟ್ಟಿನಂಥ ಪುಡಿಗಳನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಹುಳುವೂ ಅದರ ಮೊಟ್ಟೆಯೂ ಸಾಯುತ್ತವೆ. ಜಾಲಿ ಕಟ್ಟಿದ ಹಿಟ್ಟನ್ನು ಮಾತ್ರ ಉಳಿಸಿಕೊಳ್ಳುವ ಆಸೆ ಬೇಡ.

ಸಿಲಿಂಡರಿನ ವ್ಯವಸ್ಥೆಯನ್ನೂ ಈ ಹಂತದಲ್ಲೇ ಮಾಡಬೇಕು, ಏಕೆಂದರೆ ಕೊನೆಯ ವಾರದಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ. ಬೇರೆ ಊರಿಗೆ ಹೋಗುವವರು ಈಗಿನ ಏಜೆನ್ಸಿಗೆ ಸಿಲಿಂಡರು ಮತ್ತು ರೆಗ್ಯುಲೇಟರನ್ನು ಹಿಂದಿರುಗಿಸಿ, ಸಂಪರ್ಕ ಪಡೆಯುವಾಗ ಕಟ್ಟಿದ್ದ ಠೇವಣಿಯನ್ನು ವಾಪಸು ಪಡೆದು, ಟರ್ಮಿನೇಷನ್ ವೋಚರನ್ನು ಕೇಳಿ ತೆಗೆದುಕೊಳ್ಳಬೇಕು. ಹೊಸ ಊರಿನ ಏಜೆನ್ಸಿಯಲ್ಲಿ ಅದನ್ನು ತೋರಿಸಿ, ಆಗ ಜಾರಿಯಲ್ಲಿರುವ ಠೇವಣಿಯನ್ನು ಕಟ್ಟಿದರೆ ಹೊಸ ಸಿಲಿಂಡರೂ ರೆಗ್ಯುಲೇಟರೂ ಸಿಗುತ್ತವೆ. ಒಲೆ ಮತ್ತು ರಬ್ಬರ್ ಕೊಳವೆ ನಿಮ್ಮದೇ ಆದ್ದರಿಂದ ನಿಮ್ಮೊಡನೆ ಬರುತ್ತವೆ. ಕೊಳವೆಯ ಮೇಲೆ ಅದರ ಅವಧಿ ಮುದ್ರಿತವಾಗಿರುತ್ತದೆ. ಅವಧಿ ಮೀರಿದ್ದರೆ ಅಥವಾ ಬಿರುಕು ಕಂಡರೆ ಅದನ್ನು ಹೊಸ ಮನೆಗೆ ಒಯ್ಯದೆ ಹೊಸದನ್ನೇ ಕೊಳ್ಳಬೇಕು. ಅದೇ ಊರಿನೊಳಗೆ ಬೇರೆ ಬಡಾವಣೆಗೆ ಹೋಗುವವರು ಸಿಲಿಂಡರನ್ನು ಹಿಂದಿರುಗಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ವಿಳಾಸವನ್ನು ಬದಲಿಸಿಕೊಂಡರೆ, ಅಥವಾ ಹೊಸ ಏಜೆನ್ಸಿಗೆ ವರ್ಗಾವಣೆ ಪತ್ರ ಪಡೆದರೆ ಸಾಕು. 14.2 ಕಿಲೋ ಅನಿಲವಿರುವ ಸಿಲಿಂಡರನ್ನು ಮುಚ್ಚಿದ ಲಾರಿಯಲ್ಲಿ ಸಾಮಾನಿನ ನಡುವೆ ಇಟ್ಟು ಸಾಗಿಸುವುದು ಅಪಾಯಕಾರಿಯಾದ್ದರಿಂದ ಸಾಗಾಟದವರು ಅದನ್ನು ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳುತ್ತೇವೆ ಎಂದು ಯಾರಾದರೂ ಹೇಳಿದರೂ ನೀವು ಒಪ್ಪಬಾರದು.

ಪೆಟ್ಟಿಗೆಗಳನ್ನು ಆರಿಸುವ ಬಗೆ

ಕಿರಾಣಿ ಅಂಗಡಿಯಿಂದ ಬಳಸಿದ ರಟ್ಟಿನ ಪೆಟ್ಟಿಗೆಗಳನ್ನು ತರುವ ರೂಢಿ ಎಲ್ಲೆಡೆ ಇದೆ. ಉಳಿದ ಕೋಣೆಗಳಿಗೆ ಅವು ನಡೆಯುತ್ತವೆ, ಅಡುಗೆಮನೆಗೆ ಮಾತ್ರ ಬೇಡ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ರಟ್ಟಿನ ಪದರಗಳ ನಡುವಿನ ಸುಕ್ಕುಗಳು ಜಿರಲೆಗಳು ಅಡಗಲು ಹೇಳಿ ಮಾಡಿಸಿದ ಜಾಗ; ಒಂದು ಪೆಟ್ಟಿಗೆಯಲ್ಲಿ ಬಂದ ಜಿರಲೆ ಹೊಸ ಮನೆಯ ಸಿಂಕಿನ ಕೆಳಗೆ ಸಂಸಾರ ಹೂಡಿದರೆ ಅದನ್ನು ತೊಲಗಿಸಲು ತಿಂಗಳುಗಳೇ ಬೇಕಾಗುತ್ತವೆ. ಹಳೆಯ ಮನೆಯಲ್ಲಿ ಜಿರಲೆ ಇದ್ದರೆ ಮಿಕ್ಸಿಯ ತಳ, ಫ್ರಿಜ್ಜಿನ ಹಿಂಭಾಗ, ಮೈಕ್ರೊವೇವಿನ ಗಾಳಿಕಿಂಡಿಗಳನ್ನೂ ಕಟ್ಟುವ ಮುನ್ನ ಪರೀಕ್ಷಿಸಬೇಕು, ಏಕೆಂದರೆ ಬೆಚ್ಚಗಿನ ಆ ಜಾಗಗಳಲ್ಲೇ ಅವು ಹೆಚ್ಚು.

ಪಿಂಗಾಣಿ, ಗಾಜುಗಳಿಗೆ ಐದು ಪದರದ, ಚಿಕ್ಕ ಅಳತೆಯ ಹೊಸ ಪೆಟ್ಟಿಗೆಗಳು ಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಭಾರದ ಸಾಮಾನು ತುಂಬುವುದು ಎಲ್ಲರೂ ಮಾಡುವ ತಪ್ಪು; ಅದು ಎತ್ತುವವರ ಬೆನ್ನಿಗೂ ಕೆಟ್ಟದ್ದು, ತಳಕ್ಕೂ ಕೆಟ್ಟದ್ದು. ಒಬ್ಬರೇ ಎದೆಯ ಮಟ್ಟಕ್ಕೆ ಎತ್ತಿ ಹತ್ತು ಹೆಜ್ಜೆ ನಡೆಯಬಲ್ಲಷ್ಟು, ಅಂದರೆ ಹೆಚ್ಚೆಂದರೆ 15 ಕಿಲೋ ಭಾರಕ್ಕೆ ನಿಲ್ಲಿಸಬೇಕು. ತಳಕ್ಕೆ ನಡುವಿನ ಸೀಳಿನ ಉದ್ದಕ್ಕೂ ಎರಡು ಸುತ್ತು, ಎರಡು ಅಂಚುಗಳಿಗೂ ಒಂದೊಂದು ಸುತ್ತು ಟೇಪು ಹಾಕಬೇಕು.

ಸ್ಟೀಲ್ ಪಾತ್ರೆಗಳಿಗೆ ರಟ್ಟಿನ ಪೆಟ್ಟಿಗೆಯೇ ಬೇಕೆಂದಿಲ್ಲ. ಸ್ವಚ್ಛವಾದ ಗೋಣಿಚೀಲ ಅದಕ್ಕಿಂತ ಗಟ್ಟಿ ಮತ್ತು ಅಗ್ಗ.

ಎರಡನೆಯ ವಾರ: ದಿನಬಳಕೆಗೆ ಬಾರದವು

ಹಬ್ಬದ ದಿನ ಹೊರಬರುವ ದೊಡ್ಡ ಕೊಳಗ, ಹಿತ್ತಾಳೆಯ ಪಾತ್ರೆ, ಚಕ್ಕುಲಿ ಒರಳು, ಶಾವಿಗೆ ಒರಳು, ಪಡ್ಡಿನ ಹೆಂಚು, ನೆಂಟರು ಬಂದಾಗ ತೆಗೆಯುವ ಗಾಜಿನ ಲೋಟಗಳು, ಎಲ್ಲವೂ ಈ ವಾರದಲ್ಲಿ ಪೆಟ್ಟಿಗೆ ಸೇರಬೇಕು.

ಪಾತ್ರೆಗಳನ್ನು ಒಂದರೊಳಗೊಂದು ಇಡುವುದು ಎಲ್ಲರಿಗೂ ತಿಳಿದದ್ದೇ. ಮುಚ್ಚಳಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸ್ಟೀಲ್ ಡಬ್ಬಿ ಒಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಅದರ ಮೇಲೆ ಭಾರ ಹೇರಿದರೆ ಅಂಚು ನೆಗ್ಗುತ್ತದೆ, ಆಮೇಲೆ ಮುಚ್ಚಳ ಕೂಡುವುದಿಲ್ಲ, ಇರುವೆ ಬರುತ್ತದೆ. ಆದ್ದರಿಂದ ಖಾಲಿ ಡಬ್ಬಿಗಳಿಗೆ ಮುಚ್ಚಳ ಹಾಕಿಯೇ ಕಟ್ಟಬೇಕು, ಒಳಗಿನ ಜಾಗವನ್ನು ಲೋಟ, ಬಟ್ಟಲು, ಚಮಚಗಳಿಂದ ತುಂಬಬೇಕು. ಒಂದರೊಳಗೊಂದು ಇಡುವ ತಪ್ಪಲೆ, ಬೋಗುಣಿಗಳ ಮುಚ್ಚಳ ಮತ್ತು ತಟ್ಟೆಗಳನ್ನು ಬೇರೆಯಾಗಿ ಜೋಡಿಸಿ ಒಂದು ಹಳೆಯ ಪಂಚೆಯಲ್ಲಿ ಗಂಟು ಕಟ್ಟಬಹುದು. ನಮ್ಮ ಹಿರಿಯರು ಮದುವೆಗೋ ಗೃಹಪ್ರವೇಶಕ್ಕೋ ಬಂದ ಪಾತ್ರೆಗಳ ಮೇಲೆ ಹೆಸರು, ತಾರೀಕು ಕೊರೆಸಿಡುತ್ತಿದ್ದರು. ಹೊಸ ಮನೆಯಲ್ಲಿ ಇಪ್ಪತ್ತು ಮುಚ್ಚಳಗಳನ್ನು ಮುಂದೆ ಹರಡಿಕೊಂಡು ಕುಳಿತಾಗ, ಯಾವುದರ ಜೋಡಿ ಯಾವುದು ಎಂದು ತಿಳಿಯಲು ಆ ಅಕ್ಷರಗಳು ನಿಜವಾಗಿಯೂ ನೆರವಾಗುತ್ತವೆ.

ಕಲಾಯಿ ಹಾಕಿಸಿದ ಹಿತ್ತಾಳೆಯ ಒಳಮೈಗೆ ಸೌಟು, ಚಮಚಗಳನ್ನು ತುರುಕಬಾರದು, ಗೀರು ಬಿದ್ದರೆ ಕಲಾಯಿ ಹೋಗುತ್ತದೆ. ಮೆತ್ತನೆಯ ಬಟ್ಟೆಗಳನ್ನು ತುಂಬಿದರೆ ಸಾಕು. ನಾನ್‌ಸ್ಟಿಕ್ ಕಾವಲಿಗಳ ನಡುವೆಯೂ ಒಂದೊಂದು ಬಟ್ಟೆ ಇರಲಿ. ಕಬ್ಬಿಣದ ದೋಸೆ ಕಾವಲಿಯನ್ನು ತೊಳೆದು, ಒಲೆಯ ಮೇಲೆ ಕಾಯಿಸಿ ತೇವ ಆರಿಸಿ, ತೆಳುವಾಗಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಬೇಕು. ವರ್ಷಗಳಿಂದ ಪಳಗಿದ ಕಾವಲಿ ಒಂದು ವಾರ ತೇವದಲ್ಲಿದ್ದರೆ ತುಕ್ಕು ಹಿಡಿದು ಮತ್ತೆ ಮೊದಲಿನಿಂದ ಪಳಗಿಸಬೇಕಾಗುತ್ತದೆ. ಬಳಪದ ಕಲ್ಲಿನ ಪಾತ್ರೆಗಳು ನೋಡಲು ದಪ್ಪವಾದರೂ ಪೆಟ್ಟು ತಾಳುವುದಿಲ್ಲ. ಅವುಗಳನ್ನು ಪಿಂಗಾಣಿಯಂತೆಯೇ ಕಟ್ಟಬೇಕು.

ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ, ಒಂದೊಂದಕ್ಕೂ ಕಾಗದ ಸುತ್ತಿ, ಪುಸ್ತಕಗಳಂತೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿಸಿದ ತಟ್ಟೆಗಳಲ್ಲಿ ಮೇಲಿನ ಎಲ್ಲದರ ಭಾರ ಕೆಳಗಿನ ತಟ್ಟೆಯ ನಡುವಿಗೆ ಬೀಳುತ್ತದೆ, ಲಾರಿ ಒಂದು ಹಂಪ್ ಹಾರಿದರೆ ಅದು ಬಿರಿಯುತ್ತದೆ. ಲೋಟಗಳ ಒಳಗೂ ಕಾಗದ ತುರುಕಿ, ಬಾಯಿ ಕೆಳಗಾಗಿ, ಪೆಟ್ಟಿಗೆಯ ಮೇಲಿನ ಪದರದಲ್ಲಿ ಇಡಬೇಕು. ಕಟ್ಟಿದ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿದಾಗ ಒಳಗೆ ಸದ್ದಾದರೆ ಅದನ್ನು ಬಿಚ್ಚಿ ಮತ್ತೆ ತುಂಬಬೇಕು. ಇದಕ್ಕೆ ಹಳೆಯ ದಿನಪತ್ರಿಕೆ ಧಾರಾಳವಾಗಿ ಆಗುತ್ತದೆ, ಆದರೆ ತಿನ್ನುವ ಪದಾರ್ಥಕ್ಕೆ ಅದು ತಾಗಬಾರದು. ಮುದ್ರಣದ ಮಸಿಯ ಕಾರಣದಿಂದ ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ.

ಸಾಗಾಟದವರಿಗೆ ಒಪ್ಪಿಸುವವರು ಒಂದು ವಿಷಯವನ್ನು ಮೊದಲೇ ಕೇಳಿ ತಿಳಿಯಬೇಕು. ಮನೆಯವರೇ ಕಟ್ಟಿದ ಪೆಟ್ಟಿಗೆಯೊಳಗೆ ಏನಾದರೂ ಒಡೆದರೆ ಹೊಣೆ ತಮ್ಮದಲ್ಲ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿ ಇರುತ್ತದೆ. ಹಾಗಿದ್ದರೆ ಗಾಜು, ಪಿಂಗಾಣಿಗಳನ್ನು ಅವರಿಂದಲೇ ನಿಮ್ಮ ಕಣ್ಣೆದುರು ಕಟ್ಟಿಸುವುದು ಒಳ್ಳೆಯದು.

ಯಂತ್ರಗಳು ಮತ್ತು ಹರಿತವಾದವು

ಗ್ರೈಂಡರಿನ ಕಲ್ಲುಗಳನ್ನು ಹೊರಗೆ ತೆಗೆಯದೆ ಸಾಗಿಸಿದರೆ ದಾರಿಯುದ್ದಕ್ಕೂ ಅವು ಪಾತ್ರೆಗೆ ಬಡಿಯುತ್ತಲೇ ಇರುತ್ತವೆ. ಗುಂಡುಗಳನ್ನು ತೆಗೆದು, ಒಣಗಿಸಿ, ದಪ್ಪ ಟವೆಲಿನಲ್ಲಿ ಸುತ್ತಿ ಬೇರೆ ಚಿಕ್ಕ ಪೆಟ್ಟಿಗೆಯಲ್ಲಿ ಇಡಬೇಕು. ಮಿಕ್ಸಿ ಜಾರುಗಳ ಮುಚ್ಚಳದ ರಬ್ಬರ್ ವಾಷರುಗಳು, ಮೈಕ್ರೊವೇವಿನ ಗಾಜಿನ ತಟ್ಟೆ ಮತ್ತು ಅದರ ಕೆಳಗಿನ ಉರುಳುವ ಬಳೆ, ಕುಕ್ಕರಿನ ಗ್ಯಾಸ್ಕೆಟ್, ಚಕ್ಕುಲಿ ಒರಳಿನ ಬಿಲ್ಲೆಗಳು, ಇಡ್ಲಿ ಸ್ಟ್ಯಾಂಡಿನ ತಿರುಪು, ಇಂಥ ಚಿಕ್ಕ ಭಾಗಗಳಿಗೆಲ್ಲ ಒಂದೇ ಡಬ್ಬಿಯನ್ನು ಮೀಸಲಿಡಿ. ಆ ಡಬ್ಬಿಗೆ ಎದ್ದು ಕಾಣುವ ಬಣ್ಣದ ಟೇಪು ಸುತ್ತಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ. ಈ ಲೇಖನದಲ್ಲಿ ಒಂದೇ ಒಂದು ಸಲಹೆಯನ್ನು ಅನುಸರಿಸುವುದಾದರೆ ಇದನ್ನು ಅನುಸರಿಸಿ ಎಂದು ಕೇಳಿಕೊಳ್ಳುತ್ತೇನೆ.

ಚಾಕುಗಳನ್ನು ರಟ್ಟಿನ ತುಂಡಿನ ನಡುವೆ ಇಟ್ಟು ಟೇಪು ಸುತ್ತಿ, ತುದಿ ಯಾವ ಕಡೆಗಿದೆ ಎಂದು ಬಾಣದ ಗುರುತು ಹಾಕಬೇಕು. ಈಳಿಗೆಮಣೆಯ ಅಲಗು ಮಡಚುವಂತಿದ್ದರೂ ಮಡಚಿದ ಮೇಲೆ ಬಟ್ಟೆ ಸುತ್ತಿ ಹಗ್ಗದಿಂದ ಬಿಗಿಯಬೇಕು. ತುರಿಮಣೆಯ ಹಲ್ಲಿಗೂ ಇದೇ ಮಾತು. ಬಿಚ್ಚುವಾಗ ಕೈಹಾಕುವವರು ಬಹುಶಃ ಮಕ್ಕಳಾಗಿರುತ್ತಾರೆ ಎಂದು ನೆನೆದೇ ಇವುಗಳನ್ನು ಕಟ್ಟಬೇಕು.

ನೀರು ಶುದ್ಧೀಕರಿಸುವ ಯಂತ್ರವನ್ನು ಗೋಡೆಯಿಂದ ಬಿಚ್ಚಲು ಅದರ ಕೆಲಸ ಬಲ್ಲವರನ್ನು ಎರಡು ದಿನ ಮೊದಲೇ ಕರೆಸಿ, ಟ್ಯಾಂಕಿನ ನೀರನ್ನು ಪೂರ್ತಿ ಬಸಿಯಬೇಕು.

ಫ್ರಿಜ್ಜನ್ನು ಹೊರಡುವ ಹಿಂದಿನ ದಿನ, ಅಂದರೆ ಸುಮಾರು 24 ಗಂಟೆ ಮೊದಲು ಆರಿಸಿ, ಮಂಜು ಕರಗಿಸಿ, ಹಿಂಭಾಗದ ನೀರಿನ ತಟ್ಟೆಯನ್ನು ಖಾಲಿ ಮಾಡಿ ಒರೆಸಿಡಬೇಕು. ಅದನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಅನಿಲದ ಕೊಳವೆಗಳಿಗೆ ನುಗ್ಗುತ್ತದೆ. ಹೊಸ ಮನೆಯಲ್ಲಿ ನಿಲ್ಲಿಸಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಕಾದು ಚಾಲೂ ಮಾಡಬೇಕು. ಅನಿವಾರ್ಯವಾಗಿ ಮಲಗಿಸಿ ತಂದಿದ್ದರೆ ಒಂದು ಇಡೀ ದಿನ ಕಾಯುವುದು ಕ್ಷೇಮ.

ಉಪ್ಪಿನಕಾಯಿ, ಎಣ್ಣೆ ಮತ್ತು ಹೆಪ್ಪು

ಆಷಾಢ ಹಿಡಿಯುವ ಮೊದಲು ಹೊಸ ಮನೆ ಸೇರಬೇಕೆನ್ನುವವರು ನಮ್ಮಲ್ಲಿ ಬಹಳ. ಮಕ್ಕಳ ಶಾಲೆಯ ರಜೆಯೂ ಅದೇ ಬೇಸಿಗೆಯಲ್ಲಿ ಬರುತ್ತದೆ. ಮಾವಿನ ಮಿಡಿ, ಮಾವಿನಕಾಯಿಗಳ ಉಪ್ಪಿನಕಾಯಿ ಹಾಕಿ ಇನ್ನೂ ತಿಂಗಳಾಗದ ಹೊತ್ತೂ ಅದೇ. ಹೀಗಾಗಿ ವರ್ಷಕ್ಕಾಗುವಷ್ಟು ಹೊಸ ಉಪ್ಪಿನಕಾಯಿ ತುಂಬಿದ ಜಾಡಿಯನ್ನು ಸಾಗಿಸುವ ಪ್ರಸಂಗ ಎಷ್ಟೋ ಮನೆಗಳಿಗೆ ಬರುತ್ತದೆ.

ಜಾಡಿ ಕಂಠದವರೆಗೆ ತುಂಬಿದ್ದರೆ ಒಣಗಿದ ಸೌಟಿನಿಂದ ಸ್ವಲ್ಪವನ್ನು ಬೇರೊಂದು ಒಣಗಿದ ಜಾಡಿಗೆ ತೆಗೆದು, ಮೇಲೆ ನಾಲ್ಕು ಬೆರಳು ಜಾಗ ಬಿಡಬೇಕು. ಬಾಯಿಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಯನ್ನು ಹಾಕಿ, ಕಂಠದ ಸುತ್ತ ಗಟ್ಟಿ ದಾರದಿಂದ ಹಲವು ಸುತ್ತು ಬಿಗಿದು, ಆಮೇಲೆ ಮುಚ್ಚಳ ಇಟ್ಟು ಕಟ್ಟಬೇಕು. ಹಾಗೆ ಕಟ್ಟಿದ ಜಾಡಿಯನ್ನು ಒಂದು ಬಕೆಟ್ಟಿನ ನಡುವೆ ನಿಲ್ಲಿಸಿ, ಸುತ್ತಲೂ ಹಳೆಯ ಸೀರೆ, ಟವೆಲುಗಳನ್ನು ಒತ್ತಿ ತುಂಬಿದರೆ ಅಲುಗುವುದಿಲ್ಲ. ಬಕೆಟ್ಟಿನ ಹಿಡಿಯಿಂದ ಎತ್ತುವುದೂ ಸುಲಭ. ಇದು ಲಾರಿಗೆ ಹೋಗಬಾರದು. ನೀವು ಕೂರುವ ವಾಹನದಲ್ಲಿ, ಕಾಲಿನ ಬಳಿ ಇರಬೇಕು. ತಲುಪಿದ ಮೇಲೆ ಬಟ್ಟೆ ಬಿಚ್ಚಿ ನೋಡಿ, ಎಣ್ಣೆ ಅಥವಾ ರಸ ಹೋಳುಗಳ ಮೇಲೆ ನಿಂತಿಲ್ಲದಿದ್ದರೆ ಮೆಲ್ಲಗೆ ಒತ್ತಿ ಸಮ ಮಾಡಬೇಕು, ಇಲ್ಲವಾದರೆ ಮೇಲಿನ ಹೋಳುಗಳಿಗೆ ಬೂಷ್ಟು ಬರುತ್ತದೆ.

ಎಣ್ಣೆಯ ಕ್ಯಾನು, ತುಪ್ಪ, ಜೇನುತುಪ್ಪಗಳ ಮುಚ್ಚಳ ತೆಗೆದು ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮತ್ತೆ ತಿರುಗಿಸಿ ಮುಚ್ಚಿ, ಒಂದೊಂದನ್ನೂ ಪ್ರತ್ಯೇಕ ಚೀಲದಲ್ಲಿಟ್ಟು, ನಿಂತ ಹಾಗೆಯೇ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಡಬೇಕು; ರಟ್ಟಿನ ಪೆಟ್ಟಿಗೆಯಲ್ಲಿ ಎಣ್ಣೆ ಚೆಲ್ಲಿದರೆ ಪೆಟ್ಟಿಗೆಯ ತಳವೇ ಕಳಚುತ್ತದೆ. ಬೆಲ್ಲ ಮತ್ತು ಹುಣಸೆಹಣ್ಣು ಬೇಸಿಗೆಯಲ್ಲಿ ಕರಗಿ ಒಸರುತ್ತವೆ, ಅವು ಕಾಳುಗಳ ಜೊತೆಗೆ ಬೇಡ.

ದೋಸೆ ಹಿಟ್ಟನ್ನು ಸಾಗಿಸುವ ಪ್ರಯತ್ನ ಮಾಡಬಾರದು, ಹುಳಿಯುತ್ತಾ ಉಬ್ಬಿ ಡಬ್ಬಿಯಿಂದ ಹೊರಬರುತ್ತದೆ. ಮೊಸರಿನ ಹೆಪ್ಪು ಮಾತ್ರ ಜೊತೆಗಿರಲಿ. ಬಿಗಿ ಮುಚ್ಚಳದ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚ ಮೊಸರು ಸಾಕು. ಅದು ಕೆಟ್ಟರೂ ಚಿಂತೆಯಿಲ್ಲ. ಉಗುರು ಬೆಚ್ಚಗಿನ ಹಾಲಿಗೆ ತೊಟ್ಟಿರುವ ಒಣಮೆಣಸಿನಕಾಯಿ ಹಾಕಿಟ್ಟರೆ ಮರುದಿನಕ್ಕೆ ಹೊಸ ಹೆಪ್ಪು ಸಿದ್ಧವಾಗುತ್ತದೆ.

ಕೊನೆಯ ದಿನ: ಬಿಟ್ಟುಕೊಡಬಾರದ ಒಂದು ಪೆಟ್ಟಿಗೆ

ಮೊದಲೇ ಬರೆದಿಟ್ಟ ಮೂರು ದಿನಗಳ ಅಡುಗೆಯ ಪಟ್ಟಿ ಈಗ ಕೆಲಸಕ್ಕೆ ಬರುತ್ತದೆ. ನಮ್ಮ ಮನೆಯ ಪಟ್ಟಿಯಲ್ಲಿ ಮೊದಲ ರಾತ್ರಿಗೆ ಅನ್ನ, ತಿಳಿಸಾರು. ಮರುದಿನ ಬೆಳಿಗ್ಗೆ ಉಪ್ಪಿಟ್ಟು, ಕಾಫಿ. ಆಮೇಲೆ ಹುಳಿ, ಚಿತ್ರಾನ್ನ. ಇಷ್ಟಕ್ಕೆ ಬೇಕಾದದ್ದು ಮೂರು ಲೀಟರಿನ ಒಂದು ಕುಕ್ಕರು, ಒಂದು ಬಾಣಲೆ, ಹಾಲಿನ ಪಾತ್ರೆ, ಎರಡು ಸೌಟು, ಒಂದು ಚಾಕು, ತಲೆಗೊಂದು ತಟ್ಟೆ ಲೋಟ, ಕಾಫಿ ಫಿಲ್ಟರು, ಲೈಟರಿನ ಜೊತೆಗೆ ಒಂದು ಬೆಂಕಿಪೊಟ್ಟಣ, ಒಗ್ಗರಣೆ ಡಬ್ಬಿ, ಎರಡು ಕಿಲೋ ಅಕ್ಕಿ, ಅರ್ಧ ಕಿಲೋ ತೊಗರಿಬೇಳೆ, ಅಷ್ಟೇ ರವೆ, ಅರ್ಧ ಲೀಟರು ಎಣ್ಣೆ, ಸಾರಿನ ಪುಡಿ, ಸಕ್ಕರೆ, ಕಾಫಿಪುಡಿ. ಪಾತ್ರೆ ತೊಳೆಯುವ ಸೋಪು, ನಾರು, ಎರಡು ಒರೆಸುವ ಬಟ್ಟೆ, ಕತ್ತರಿ, ಕಸದ ಚೀಲಗಳನ್ನು ಸೇರಿಸಿದರೆ ಒಂದು ಪೆಟ್ಟಿಗೆ ತುಂಬುತ್ತದೆ. ಹೊಸ ಊರಿನಲ್ಲಿ ಸಿಲಿಂಡರು ಬರಲು ಎರಡು ಮೂರು ದಿನ ಹಿಡಿಯಬಹುದಾದ್ದರಿಂದ ಒಂದು ಇಂಡಕ್ಷನ್ ಒಲೆಯೂ ಅದಕ್ಕೆ ಹೊಂದುವ ತಳದ ಪಾತ್ರೆಗಳೂ ಇದರೊಡನೆ ಇರಬೇಕು.

ಹೊಸ ಮನೆಯ ಹೊಸ್ತಿಲು ದಾಟುವಾಗ ಉಪ್ಪು, ಅರಿಶಿನ, ಅಕ್ಕಿ, ಬೇಳೆ, ಬೆಲ್ಲ ಮತ್ತು ತುಂಬಿದ ಕೊಡವನ್ನು ಮೊದಲು ಒಳಗೆ ಒಯ್ದು, ಹಾಲುಕ್ಕಿಸುವ ಸಂಪ್ರದಾಯ ಇರುವವರು ಆ ಸಾಮಗ್ರಿಗಳನ್ನು ಬೇರೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಲಾರಿ ಸಂಜೆಗೆ ಬಂದರೂ ಮುಹೂರ್ತ ತಪ್ಪುವುದಿಲ್ಲ.

ಪೆಟ್ಟಿಗೆಗಳ ಮೇಲೆ ಬರೆಯುವಾಗ ಮೇಲ್ಭಾಗದಲ್ಲಿ ಬರೆಯದೆ ಎರಡು ಪಕ್ಕಗಳಲ್ಲಿ ಬರೆಯಬೇಕು, ಏಕೆಂದರೆ ಒಂದರ ಮೇಲೊಂದು ಇಟ್ಟಾಗ ಮೇಲ್ಭಾಗ ಕಾಣುವುದಿಲ್ಲ. 'ಅಡುಗೆ 1', 'ಅಡುಗೆ 2' ಎಂದು ಸಂಖ್ಯೆ ಹಾಕಿ, ಯಾವುದರಲ್ಲಿ ಏನಿದೆ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರೆ ಇಳಿಸುವಾಗ ಎಣಿಕೆಗೂ ಅನುಕೂಲ. ಕಲ್ಲು, ಗ್ರೈಂಡರು, ಹಿತ್ತಾಳೆಗಳು ಲಾರಿಯ ತಳದಲ್ಲಿ, ಮುಂಭಾಗಕ್ಕೆ ಹೋಗಲಿ. ಗಾಜಿನ ಪೆಟ್ಟಿಗೆಗಳ ಮೇಲೆ ಏನನ್ನೂ ಇಡದಂತೆ ನಿಂತು ನೋಡಿಕೊಳ್ಳಿ.

ಹೊಸ ಮನೆಯಲ್ಲಿ

ಪಾತ್ರೆಗಳನ್ನು ಬಿಚ್ಚುವ ಮೊದಲು ಕಪಾಟುಗಳನ್ನು ಒರೆಸಿ ಒಣಗಲು ಬಿಡಬೇಕು. ಸಿಲಿಂಡರು ಜೋಡಿಸಿದ ಕೂಡಲೇ ರೆಗ್ಯುಲೇಟರಿಗೂ ಕೊಳವೆಯ ಎರಡು ತುದಿಗಳಿಗೂ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಏಳದಿದ್ದರೆ ಮಾತ್ರ ಒಲೆ ಹೊತ್ತಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲೇ ಸಂಗ್ರಹವಾಗುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆರೆದು, ಮನೆಯಿಂದ ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು.

ಪತ್ರಿಕೆಯಲ್ಲಿ ಸುತ್ತಿದ್ದ ಪ್ರತಿಯೊಂದು ಪಾತ್ರೆಯನ್ನೂ ತೊಳೆದೇ ಬಳಸಬೇಕು. ಒಂದು ದಿನದಲ್ಲಿ ಎಲ್ಲವನ್ನೂ ಜೋಡಿಸುವ ಹಟ ಬೇಡ. ಒಲೆಯ ಪಕ್ಕದ ಕಪಾಟು, ಸಿಂಕಿನ ಪಕ್ಕದ ಕಪಾಟು ಎಂದು ಕೆಲಸ ನಡೆಯುವ ಜಾಗದಿಂದ ಆರಂಭಿಸಿ, ಹಬ್ಬದ ಪಾತ್ರೆಗಳ ಪೆಟ್ಟಿಗೆಯನ್ನು ಮುಂದಿನ ವಾರಕ್ಕೆ ಬಿಡಬಹುದು. ಖಾಲಿಯಾದ ಪೆಟ್ಟಿಗೆ ಮತ್ತು ಕಾಗದಗಳನ್ನು ಮಾತ್ರ ಅಂದೇ ರದ್ದಿಯವರಿಗೆ ಕೊಡಬಾರದು. ಒಂದೊಂದು ಕಾಗದವನ್ನೂ ಬಿಡಿಸಿ, ಕೊಡವಿ, ನೋಟುಪುಸ್ತಕದ ಪಟ್ಟಿಯೊಡನೆ ತಾಳೆ ನೋಡಿದ ಮೇಲೆಯೇ ಹೊರಗೆ ಹಾಕಬೇಕು. ಹುಬ್ಬಳ್ಳಿಯಲ್ಲಿ ನಮ್ಮ ಕುಕ್ಕರಿನ ವೆಯ್ಟ್ ಮೂರನೆಯ ದಿನ ಸಿಕ್ಕಿದ್ದು, ಗೇಟಿನ ಬಳಿ ಕಟ್ಟಿಟ್ಟಿದ್ದ ರದ್ದಿಯ ಮೂಟೆಯಲ್ಲಿ, ಗಾಜಿನ ಲೋಟವೊಂದಕ್ಕೆ ಸುತ್ತಿದ್ದ ಪತ್ರಿಕೆಯ ಮಡಿಕೆಯೊಳಗೆ.